ಸಹಾಯ ಬೇಕು: ಕರೆಯೋಲೆ ಮಡಿಸಿದ ಕಡೆ ಬಣ್ಣ ಒಡೆಯುತ್ತಿದೆ

ಎಲ್ಲರಿಗೂ ನಮಸ್ಕಾರ. ಬರುವ ತಿಂಗಳು ಅಪ್ಪ ಅಮ್ಮನ ಮದುವೆಗೆ 50 ವರ್ಷ ತುಂಬುತ್ತದೆ. ಕರೆಯೋಲೆಗಳನ್ನು ನಾನೇ ಕೈಯಿಂದ ಮಾಡಬೇಕು ಅಂತ ತುಂಬಾ ಆಸೆ. ಒಟ್ಟು 40 ಬೇಕು.

300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ, ಅಂದರೆ ದಪ್ಪನೆಯ) ಬಣ್ಣದ ಎ4 ಹಾಳೆ ತಂದಿದ್ದೇನೆ. ಎರಡು ತುಂಡು ಮಾಡಿ ಒಂದೊಂದನ್ನೂ ಮಡಿಸಿದರೆ ಎ6 ಕಾರ್ಡ್ ಆಗುತ್ತದೆ, ಸಿ6 ಲಕೋಟೆಯಲ್ಲಿ ಚೆನ್ನಾಗಿ ಕೂರುತ್ತದೆ. ಆದರೆ ಮಡಿಕೆಯ ಮೇಲೆ ಬಣ್ಣ ಒಡೆದು ಬಿಳಿ ಗೆರೆ ಕಾಣುತ್ತದೆ. ಸ್ಕೇಲ್ ಇಟ್ಟು, ಇಂಕು ಮುಗಿದ ಬಾಲ್‌ಪೆನ್ನಿನಿಂದ ಗೆರೆ ಒತ್ತಿ ಮಡಿಸಿದೆ. ಸ್ವಲ್ಪ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಕಾಗದದ ನಾರು ಇರುವ ದಿಕ್ಕಿಗೇ ಮಡಿಸಬೇಕು ಅಲ್ವಾ? ಈ ಹಾಳೆಯನ್ನು ಬಾಗಿಸಿ ನೋಡಿದರೆ ನಾರು ಅಡ್ಡಕ್ಕಿದೆ ಅನ್ನಿಸುತ್ತದೆ. ಹಾಗಾದರೆ ಹಾಳೆಯನ್ನು ಉದ್ದಕ್ಕೆ ಸೀಳಿ, ಮೇಲಕ್ಕೆ ತೆರೆಯುವ ಹಾಗೆ ಮಡಿಸಲಾ? ಅಳತೆ ಅದೇ ಎ6 ಬರುತ್ತದೆ. ಅಥವಾ 250 ಜಿಎಸ್‌ಎಂ ಹಾಳೆಯೇ ವಾಸಿಯಾ?

ಇನ್ನೊಂದು. ಮುಂದೆ ಅವರ ಹಳೆಯ ಫೋಟೋದ ಪ್ರತಿ ಅಂಟಿಸುತ್ತಿದ್ದೇನೆ. ಬಿಳಿ ಗೋಂದು ಹಚ್ಚಿದರೆ ತೇವಕ್ಕೆ ಕಾಗದ ಸುಕ್ಕಾಗುತ್ತದೆ. ಎರಡೂ ಕಡೆ ಅಂಟುವ ಟೇಪ್ ವರ್ಷಗಟ್ಟಲೆ ಹಿಡಿಯುತ್ತದಾ? ಅಮ್ಮ ಇದನ್ನು ಜೋಪಾನವಾಗಿ ಎತ್ತಿಡುತ್ತಾರೆ, ಅದಕ್ಕೇ ಕೇಳುತ್ತಿದ್ದೇನೆ. ಮಾಡಿ ಅನುಭವ ಇರುವವರು ದಯವಿಟ್ಟು ತಿಳಿಸಿ.