ಸಹಾಯ ಬೇಕು: ಶ್ವಾಸನಾಳದ ಕಫದ ಸಿಮ್ಯುಲೇಷನ್ ಗೊತ್ತಿರೋರು ತುಮಕೂರಲ್ಲಿ ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಮೆಕ್ಯಾನಿಕಲ್ ಕೊನೆ ವರ್ಷ ಓದುತ್ತಿದ್ದೇನೆ. ಶ್ವಾಸನಾಳದಲ್ಲಿ ಕಫ ಹೇಗೆ ಮೇಲಕ್ಕೆ ಸಾಗುತ್ತದೆ ಅನ್ನೋದೇ ಪ್ರಾಜೆಕ್ಟ್. ಓಪನ್‌ಫೋಮ್ ಅನ್ನೋ, ದ್ರವದ ಹರಿವು ಲೆಕ್ಕ ಹಾಕುವ ಸಾಫ್ಟ್‌ವೇರ್‌ನಲ್ಲಿ ಮಾಡುತ್ತಿದ್ದೇನೆ.

ನಾಳದ ಒಳಗೋಡೆಯಲ್ಲಿ ಸಿಲಿಯಾ ಅನ್ನೋ ಸಣ್ಣ ರೋಮಗಳಿವೆ. ಉದ್ದ ಸುಮಾರು 7 ಮೈಕ್ರೋಮೀಟರ್, ಸೆಕೆಂಡಿಗೆ 10–15 ಸಲ ಬಡಿಯುತ್ತವೆ. ಮುಂದಕ್ಕೆ ಹೊಡೆಯುವಾಗ ತುದಿ ಮೇಲಿನ ಕಫಕ್ಕೆ ತಾಗಿ ತಳ್ಳುತ್ತದೆ. ವಾಪಸ್ ಬರುವಾಗ ಕೆಳಗಿನ ನೀರಿನಂಥ ಪದರದಲ್ಲೇ ಬಗ್ಗಿಕೊಂಡು ಬರುತ್ತದೆ. ಒಂದೊಂದು ರೋಮವನ್ನೂ ಮಾಡೆಲ್ ಮಾಡಲು ಹೋದರೆ ನನ್ನ ಲ್ಯಾಪ್‌ಟಾಪ್ ಕಥೆ ಮುಗಿಯಿತು! ಅದಕ್ಕೇ ಗೋಡೆಗೆ ಸುಮ್ನೆ ಒಂದು ವೇಗ ಕೊಟ್ಟುಬಿಡೋಣ ಅಂತಿದ್ದೇನೆ. ಇದು ನಡೆಯುತ್ತಾ?

ಜಾಸ್ತಿ ತಲೆನೋವು ಕಫದ ಗುಣದ್ದು. ಜೋರಾಗಿ ತಳ್ಳಿದಷ್ಟೂ ತೆಳುವಾಗುತ್ತದೆ, ಎಳೆದು ಬಿಟ್ಟರೆ ಸ್ವಲ್ಪ ಹಿಂದಕ್ಕೂ ಜಗ್ಗುತ್ತದೆ. ಮೊದಲನೆಯದಕ್ಕೆ ಬರ್ಡ್-ಕ್ಯಾರೋ ಮಾಡೆಲ್ (ದ್ರವದ ಗುಣ ಹೇಳುವ ಒಂದು ಸೂತ್ರ) ಸಾಕು. ಎರಡನೆಯದಕ್ಕೆ ಓಲ್ಡ್‌ರಾಯ್ಡ್-ಬಿ ಅನ್ನೋ ಇನ್ನೊಂದು ಮಾಡೆಲ್ ಹಾಕಿದರೆ ರನ್ ಅರ್ಧಕ್ಕೇ ಕೈಕೊಡುತ್ತದೆ. ಟೈಮ್ ಸ್ಟೆಪ್ (ಲೆಕ್ಕದ ಒಂದೊಂದು ಹೆಜ್ಜೆಯ ಸಮಯ) ಇಳಿಸಿದರೂ ಅದೇ ಗೋಳು. ಗೈಡ್ ಸರ್ ಅಂತೂ "ನೀರು ಅಂತಲೇ ತಗೊಳ್ಳಪ್ಪ" ಅನ್ನುತ್ತಾರೆ. ಹಾಗಾದರೆ ಪ್ರಾಜೆಕ್ಟಲ್ಲಿ ಉಳಿಯೋದೇನು, ಅಲ್ವಾ?

ಇಂಥದ್ದು ರನ್ ಮಾಡಿದವರು ದಯವಿಟ್ಟು ಮೆಸೇಜ್ ಮಾಡಿ. ಶ್ವಾಸಕೋಶದ ಡಾಕ್ಟರ್ ಯಾರಾದರೂ ಇದ್ದರೆ, ಕಾಯಿಲೆಯಲ್ಲಿ ಕಫ ಗಟ್ಟಿಯಾದಾಗ ಏನೇನು ಬದಲಾಗುತ್ತದೆ ಅಂತಲೂ ಕೇಳಬೇಕಿತ್ತು. ಭಾನುವಾರ ಎಲ್ಲಿಗೆ ಬೇಕಾದರೂ ಬರುತ್ತೇನೆ. ಕ್ಯಾತ್ಸಂದ್ರದಲ್ಲಿ ಸಿಕ್ಕರೆ ತಟ್ಟೆ ಇಡ್ಲಿ ನನ್ನ ಲೆಕ್ಕದಲ್ಲಿ.