ಊರಹಬ್ಬಕ್ಕೆ ಚಂದಾ ಕೊಡೋದಾ, ದೂರು ಕೊಡೋದಾ? ಅನುಭವ ಇರುವವರು ಹೇಳಿ

ಹೊಸಮನೆ_ಸರ್ಜಾಪುರ: ಎಲ್ಲರಿಗೂ ನಮಸ್ಕಾರ. ಸರ್ಜಾಪುರ ರಸ್ತೆ ಕಡೆ ಕಳೆದ ವರ್ಷ ಫ್ಲಾಟ್ ತಗೊಂಡು ಬಂದಿದ್ದೇವೆ. ಕಾಂಪೌಂಡ್ ಆಚೆಯೇ ಹಳೇ ಊರು, ಗ್ರಾಮದೇವತೆ ಗುಡಿ. ಮಾರ್ಚ್‌ನಲ್ಲಿ ಹಬ್ಬ. ಊರಿನ ಹುಡುಗರು ಅಸೋಸಿಯೇಷನ್ ಹೆಸರಿಗೆ 50 ಸಾವಿರದ ರಸೀದಿ ಹರಿದು ಇಟ್ಟು ಹೋಗಿದ್ದಾರೆ. ನಾಟಕ ಬೆಳಗಿನ ಜಾವದವರೆಗೆ ನಡೆಯುತ್ತದಂತೆ. ಮಗಳಿಗೆ ಅದೇ ವಾರ ಎಸ್‌ಎಸ್‌ಎಲ್‌ಸಿ ಪರೀಕ್ಷೆ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಅರ್ಧ ಜನ ಕೊಟ್ಟು ಸುಮ್ಮನಿರೋಣ ಅಂತಾರೆ, ಇನ್ನರ್ಧ ಜನ 112ಕ್ಕೆ ಫೋನ್ ಮಾಡೋಣ ಅಂತಾರೆ. ನೀವೆಲ್ಲ ಏನು ಮಾಡಿದಿರಿ?

ಮಾಜಿ_ಸೆಕ್ರೆಟರಿ: ನಾನು ಫೋನ್ ಮಾಡಿದವನು. ಇವತ್ತಿಗೂ ಅದೇ ಸರಿ ಅನ್ನುತ್ತೇನೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ತೆಗೆದು ನೋಡಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಮೈಕ್ ಹಾಕುವಂತಿಲ್ಲ. ಸರ್ಕಾರ ವಿನಾಯಿತಿ ಕೊಟ್ಟರೂ 12 ಗಂಟೆವರೆಗೆ ಅಷ್ಟೇ, ಅದೂ ವರ್ಷಕ್ಕೆ ಹೆಚ್ಚೆಂದರೆ 15 ದಿನ. ಮನೆಗಳಿರುವ ಕಡೆ ರಾತ್ರಿ ಮಿತಿ 45 ಡೆಸಿಬಲ್. ನಮ್ಮ ಬಾಲ್ಕನಿಯಲ್ಲಿ ಮೊಬೈಲ್ 82 ತೋರಿಸುತ್ತಿತ್ತು.

ಜೀಪ್ ಬಂತು. ಇಬ್ಬರು ಇಳಿದು ಸ್ಟೇಜ್ ಹತ್ತಿರ ಹೋದರು. ಸೌಂಡ್ ಇಳಿಯಿತು. ಜೀಪ್ ಹೋದ ಮೇಲೆ ಮೈಕಿನಲ್ಲೇ ಅನೌನ್ಸ್ ಆಯಿತು: "ಬಿ ಬ್ಲಾಕಿನ ಸೆಕ್ರೆಟರಿ ಸಾಹೇಬರಿಗೆ ಗ್ರಾಮಸ್ಥರ ಪರವಾಗಿ ಹೃತ್ಪೂರ್ವಕ ಅಭಿನಂದನೆಗಳು." ನನ್ನ ಹೆಸರು ಅವರಿಗೆ ಹೇಗೆ ಸಿಕ್ಕಿತು ಅಂತ ಇನ್ನೂ ಯಾರೂ ಹೇಳಿಲ್ಲ.

ಅಸಲಿ ಪೆಟ್ಟು ಆಮೇಲೆ. ನಮಗೆ ಕಾವೇರಿ ನೀರಿಲ್ಲ. ಟ್ಯಾಂಕರ್ ಊರಿನವರದ್ದೇ, ಲೋಡಿಗೆ 1,100. ಹಬ್ಬ ಮುಗಿದ ಮರುದಿನ "ಬೋರ್ ಬತ್ತಿದೆ ಸಾರ್" ಅಂದುಬಿಟ್ಟ. ಹೊರಗಿನಿಂದ ತರಿಸಿದರೆ 1,900. ದಿನಕ್ಕೆ ಆರು ಲೋಡು. ಏಪ್ರಿಲ್ ಒಂದೇ ತಿಂಗಳಲ್ಲಿ 1,44,000 ಹೆಚ್ಚುವರಿ. ಜನರಲ್ ಬಾಡಿ ಮೀಟಿಂಗಿನಲ್ಲಿ ನಮ್ಮವರೇ ನನ್ನ ಕುತ್ತಿಗೆ ಹಿಡಿದರು. ಫೋನ್ ಮಾಡು ಅಂತ ರಾತ್ರಿ ಗ್ರೂಪಿನಲ್ಲಿ ಬರೆದವರೆಲ್ಲ ಮೆಸೇಜ್ ಡಿಲೀಟ್ ಮಾಡಿದ್ದರು. ಸ್ಕ್ರೀನ್‌ಶಾಟ್ ನನ್ನ ಹತ್ತಿರ ಇದೆ.

ತೋಟದಮನೆ: ಸಾರ್, ಎಲ್ಲಾ ಲೆಕ್ಕ ಹಾಕಿದಿರಿ, ನಮ್ಮ ಲೆಕ್ಕವನ್ನೂ ಸ್ವಲ್ಪ ಕೇಳಿ. ನಾನು ಆನೇಕಲ್ ತಾಲ್ಲೂಕಿನವನು, ಊರಿನ ಹೆಸರು ಬೇಡ. ನಮ್ಮಪ್ಪ 2004ರಲ್ಲಿ ಎರಡು ಎಕರೆ ಮಾರಿದ. ಅದರ ಮೇಲೆ ಈಗ ಮೂರು ಟವರ್ ನಿಂತಿದೆ. ಹಬ್ಬಕ್ಕೆ ಗಾಡಿ ಬಿಡುತ್ತಿದ್ದ ಗುಂಡುತೋಪು ಈಗ ರಸ್ತೆ. ಕೊಂಡದ ಜಾಗ ಒಂದು ಉಳಿದಿದೆ. ಅದಕ್ಕೂ "ಹೊಗೆ ಬರುತ್ತೆ" ಅಂತ ಅರ್ಜಿ ಬಿದ್ದಿದೆ.

ಹುಸ್ಕೂರು ಮದ್ದೂರಮ್ಮನ ಜಾತ್ರೆಗೆ ಕುರ್ಜು, ಅಂದರೆ ಮರದ ಎತ್ತರದ ತೇರು, ಕಟ್ಟುವುದು ಅಂದರೆ ಏನು ಗೊತ್ತಾ? ನೂರು ಅಡಿ ದಾಟಿದ್ದೂ ಇದೆ. ನಮ್ಮ ಕುರ್ಜಿಗೆ ಹೋದ ಸಲ ಮರ, ಹಗ್ಗ, ಬಟ್ಟೆ, ಕಟ್ಟುವವರ ಕೂಲಿ ಸೇರಿ ಒಂಬತ್ತು ಲಕ್ಷ ದಾಟಿತು. ಎತ್ತಿನ ಜೋಡಿಗಳ ಮೇವು, ಟ್ರ್ಯಾಕ್ಟರ್ ಡೀಸೆಲ್, ಎಳೆಯುವವರ ಊಟ ಎಲ್ಲ ಬೇರೆ. ಊರಲ್ಲಿ ಮನೆಗೆ ಐದು ಸಾವಿರ ಎತ್ತಿದೆವು, ಗಾರೆ ಕೆಲಸದವನೂ ಕೊಟ್ಟ. ನಾಲ್ಕು ನೂರು ಫ್ಲಾಟಿನಿಂದ ಬಂದಿದ್ದು 11 ಸಾವಿರ. ರಸೀದಿಗೆ ಜಿಎಸ್‌ಟಿ ನಂಬರ್ ಕೇಳಿದರು. ಅಮ್ಮನ ಜಿಎಸ್‌ಟಿ ನಂಬರ್!

ಬ್ಯಾಟರಿ_ಕಿಟ್ಟಿ: ಕುರ್ಜಿನ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ಅದು ಬರುವ ದಾರಿಯಲ್ಲಿ ಕರೆಂಟ್ ತೆಗೆದು ವೈರ್ ಬಿಚ್ಚುತ್ತಾರೆ. ನಮ್ಮ ತಂದೆ ಆಕ್ಸಿಜನ್ ಮೆಷಿನ್ ಮೇಲಿದ್ದರು. ಯುಪಿಎಸ್ ಸಾಲದು ಅಂತ ಇನ್ನೊಂದು ಜೋಡಿ ಬ್ಯಾಟರಿ ಹಾಕಿಸಿದೆ, 31,500. 2024ರಲ್ಲಿ ಆ ಹುಸ್ಕೂರು ಜಾತ್ರೆಯ ತೇರು ಬಿತ್ತು. 2025ರ ಮಾರ್ಚ್‌ನಲ್ಲಿ ಗಾಳಿಮಳೆಗೆ ಮತ್ತೆ ಬಿದ್ದು ಜೀವವೇ ಹೋಯಿತು. ದೇವಿ ನೂರಿಪ್ಪತ್ತು ಅಡಿ ಕೇಳಿದಳಾ? ಪಕ್ಕದ ಊರಿನದ್ದಕ್ಕಿಂತ ಒಂದು ಗೇಣು ಎತ್ತರ ಇರಬೇಕು ಅನ್ನೋ ಹಠ, ಅಷ್ಟೇ.

ತೋಟದಮನೆ: ನಿಮ್ಮ 23 ಮಹಡಿ ಯಾವ ದೇವರು ಕೇಳಿದ್ದು?

ಬ್ಯಾಟರಿ_ಕಿಟ್ಟಿ: ಅದಕ್ಕೆ ಎಂಜಿನಿಯರ್ ಸಹಿ ಇದೆ ಸ್ವಾಮಿ.

ತೋಟದಮನೆ: ಕೆರೆ ಕಾಲುವೆ ಮೇಲೆ ಕಟ್ಟೋದಕ್ಕೂ ಸಹಿ ಇತ್ತು.

ಆರತಿ_ತಟ್ಟೆ: ಇಬ್ಬರೂ ಸುಮ್ಮನಿರಿ. ನಾನು ಚನ್ನಪಟ್ಟಣದ ಹಳ್ಳಿಯಲ್ಲಿ ಹುಟ್ಟಿದವಳು, ಊರಹಬ್ಬ ನನಗೆ ಹೊಸದಲ್ಲ. ಸಾರು ಹಾಕಿದ ಮೇಲೆ, ಅಂದರೆ ಹಬ್ಬ ಅಂತ ಊರಲ್ಲಿ ಸಾರಿದ ಮೇಲೆ, ನಮ್ಮ ಕಡೆ ಒಗ್ಗರಣೆ ಕೂಡ ಹಾಕುವುದಿಲ್ಲ. ನಾನು ಫ್ಲಾಟಿನಲ್ಲಿದ್ದುಕೊಂಡೇ ಅದನ್ನೂ ಪಾಲಿಸಿದೆ. ಅಕ್ಕಿ ನೆನೆಹಾಕಿ, ಆರಿಸಿ, ಮಿಕ್ಸಿ ಬೇಡ ಅಂತ ಕುಟ್ಟಾಣಿಯಲ್ಲಿ ಕುಟ್ಟಿ ತಂಬಿಟ್ಟು ಮಾಡಿದೆ. ಹಿತ್ತಾಳೆ ತಟ್ಟೆ 2,400 ಕೊಟ್ಟು ತಂದೆ. ಹೊಂಬಾಳೆ ಇಲ್ಲಿ ಎಲ್ಲಿ ಸಿಗುತ್ತೆ? ಕೆ.ಆರ್. ಮಾರ್ಕೆಟ್‌ಗೆ ಹೋಗಿ ತಂದೆ. ಹೊಸ ರೇಷ್ಮೆ ಸೀರೆ ಉಟ್ಟು ಆರತಿ ಸಾಲಿನಲ್ಲಿ ನಿಂತರೆ ಒಬ್ಬ ಅಜ್ಜಿ ತಟ್ಟೆ ನೋಡಿ, ನನ್ನ ನೋಡಿ, "ನೀನ್ಯಾರ ಮನೆಯವಳವ್ವ?" ಅಂದರು. ಬಿಲ್ಡಿಂಗ್ ಹೆಸರು ಹೇಳಿದೆ. "ಬಾಡಿಗೆಯೋರು ಹಿಂದೆ ನಿಂತ್ಕಳ್ಳಿ" ಅಂದುಬಿಟ್ಟರು. ಬಾಡಿಗೆ ಅಲ್ಲ ಅಜ್ಜಿ, ಸ್ವಂತ ಮನೆ, ಇನ್ನೂ 17 ವರ್ಷ ಸಾಲ ಇದೆ ಅಂದೆ. ಕೇಳುವವರು ಯಾರು? ನನ್ನ ಸರದಿ ಬರುವಷ್ಟರಲ್ಲಿ ದೀಪ ಎರಡು ಸಲ ಆರಿತ್ತು. ಚಂದಾ ಬೇಕು, ಆರತಿ ಬೇಡವಾ?

ತೋಟದಮನೆ: ಅಕ್ಕ, ಮೊದಲ ಆರತಿ ಪಟೇಲರ ಮನೆಯದು, ಆಮೇಲೆ ಶಾನುಭೋಗರದು, ಆಮೇಲೆ ಒಕ್ಕಲುಗಳದು. ನಮ್ಮ ಮನೆಯದೇ ಎಂಟನೆಯದು. ನಮ್ಮತ್ತಿಗೆ ಏಳನೆಯದಕ್ಕೆ ಜಗಳ ಮಾಡಿ ಎರಡು ವರ್ಷ ಮಾತು ಬಿಟ್ಟಿದ್ದಳು.

ಆರತಿ_ತಟ್ಟೆ: ಅಂದರೆ ಮುಂದಿನ ಜನ್ಮಕ್ಕೆ ನಮ್ಮ ಸರದಿ.

ಕುಂದಾಪ್ರದ_ಮಾಣಿ: ನಮ್ಮ ಕರಾವಳಿಯಲ್ಲೂ ಇದೇ ರಗಳೆ. ಬಯಲಾಟಕ್ಕೆ ಚೆಂಡೆ ಹಿಡಿಯುವ ಮೊದಲೇ ಮೈಕ್ ಎಷ್ಟೊತ್ತಿಗೆ ಬಂದ್ ಅಂತ ಕೇಳುತ್ತಾರೆ. ಬೆಳಗಿನವರೆಗೆ ಆಡುತ್ತಿದ್ದ ಮೇಳಗಳು ಕಾಲಮಿತಿಗೆ ಬಂದವು. ಪ್ರಸಂಗದ ಅರ್ಧಭಾಗ ಹೋಯಿತು. ನಾವು ಒಂದು ಹರಕೆ ಆಟ ಆಡಿಸಿದೆವು. ಶಾಮಿಯಾನ, ಊಟ, ವೇಷ ಕಟ್ಟುವ ಚೌಕಿ ಎಲ್ಲ ಸೇರಿ...

ಮಾಜಿ_ಸೆಕ್ರೆಟರಿ: ಇಲ್ಲಿ ಬೆಂಗಳೂರಿನ ವಿಷಯ ಮಾತಾಡುತ್ತಿದ್ದೇವೆ. ಯಕ್ಷಗಾನಕ್ಕೂ ಡಿಜೆಗೂ ಹೋಲಿಸಬೇಡಿ.

ಕುಂದಾಪ್ರದ_ಮಾಣಿ: ಡೆಸಿಬಲ್‌ಗೆ ಅದು ಗೊತ್ತಾಗುತ್ತದಾ ಮಾರಾಯ್ರೆ? ನಿಮ್ಮ ನಿಯಮವೇ ಅಲ್ವಾ?

ಐದನೇಮಹಡಿ_ವಿದುರ: ನೀವೆಲ್ಲ ಹೊರಗೆ ನಿಂತು ಜಗಳ ಆಡಿದಿರಿ. ನಾನು ಸ್ಟೇಜ್ ಹತ್ತಿದೆ! ಹುಬ್ಬಳ್ಳಿಯವನು, ಸಾಫ್ಟ್‌ವೇರ್ ಕೆಲಸ, ಐದನೇ ಮಹಡಿ. ನಿದ್ದೆ ಹೇಗೂ ಬರುವುದಿಲ್ಲ, ಅಲ್ಲೇ ಹೋಗಿ ಕೂರೋಣ ಅಂತ ಊರಿನ ನಾಟಕದ ರಿಹರ್ಸಲ್‌ಗೆ ಹೋದೆ. ಹಾರ್ಮೋನಿಯಂ ಮೇಷ್ಟ್ರು ದನಿ ಕೇಳಿ "ನಿಮಗೆ ವಿದುರ ಆಗುತ್ತೆ" ಅಂದರು. ಇಲ್ಲಿ ಪಾತ್ರಕ್ಕೆ ನಾವೇ ದುಡ್ಡು ಕೊಡಬೇಕು. ದುರ್ಯೋಧನ 70 ಸಾವಿರ, ಕೃಷ್ಣ 60. ನನ್ನ ವಿದುರನಿಗೆ 18 ಸಾವಿರ. ಸ್ತ್ರೀ ಪಾತ್ರಕ್ಕೆ ಬರುವ ಕಲಾವಿದೆಯರ ಸಂಭಾವನೆ, ಸೀನರಿ, ಮೇಷ್ಟ್ರ ಫೀಸು ಎಲ್ಲ ಅದರಲ್ಲೇ. ಮೇಕಪ್ಪಿನವರಿಗೆ, ಪೇಟ ಸುತ್ತುವವನಿಗೆ, ಪಕ್ಕವಾದ್ಯದವರ ಬಾಡೂಟಕ್ಕೆ ಬೇರೆ 4,300. ಹೂವಿನ ಹಾರ ನಾನೇ ತಂದು ಹೆಂಡತಿ ಕೈಲಿ ಹಾಕಿಸಿಕೊಂಡೆ.

ಕಂದಪದ್ಯ ಹೇಳುವಾಗ ಶ್ರುತಿ ಒಂದು ಕಡೆ, ನಾನೊಂದು ಕಡೆ. ಮೇಷ್ಟ್ರು ಕಣ್ಣಲ್ಲೇ ಎಳೆದು ತಂದರು. "ಒನ್ಸ್ ಮೋರ್" ಬಂತು ಸ್ವಾಮಿ! ನಮ್ಮ ಟವರ್‌ನಿಂದ ಟಾರ್ಚ್ ಬಿಟ್ಟರು. ಅವತ್ತಿಂದ ಟ್ಯಾಂಕರ್ ನನ್ನ ಫೋನಿಗೆ ಬರುತ್ತೆ. ಸೆಕ್ರೆಟರಿ ಸಾರ್, 1,44,000ಕ್ಕೆ ನೀವು ಎರಡು ಸಲ ದುರ್ಯೋಧನ ಆಗಬಹುದಿತ್ತು.

ಮಾಜಿ_ಸೆಕ್ರೆಟರಿ: ಕಾನೂನು ಪಾಲಿಸಿ ಅಂದವನಿಗೆ ದುರ್ಯೋಧನ ಅಂತ ಹೇಳ್ತೀರಾ? ಮಾಡರೇಟರ್ ಗಮನಿಸಬೇಕು.

ಹೊಸಮನೆ_ಸರ್ಜಾಪುರ: ಸರ್, ಪರೀಕ್ಷೆ ದಿನ ಸೌಂಡ್ ಬಗ್ಗೆ ಊರಲ್ಲಿ ಯಾರ ಹತ್ತಿರ ಮಾತಾಡಬೇಕು, ಯಾರಾದರೂ...

ತೋಟದಮನೆ: ವಿದುರನಿಗೆ 18 ಸಾವಿರನಾ? ನಿಮಗೆ ಚೆನ್ನಾಗಿ ಟೋಪಿ ಹಾಕಿದ್ದಾರೆ. ನಮ್ಮೂರಲ್ಲಿ 8 ಸಾವಿರ.

ಐದನೇಮಹಡಿ_ವಿದುರ: ನಿಮ್ಮೂರಿನ ವಿದುರನಿಗೆ ಹಾಡೆಷ್ಟು?

ತೋಟದಮನೆ: ಎರಡು.

ಐದನೇಮಹಡಿ_ವಿದುರ: ನನಗೆ ಐದು. ಜೊತೆಗೆ ಬಿಲ್ಲು ಮುರಿಯೋ ಸೀನ್. ಈಗ ಹೇಳಿ.