ಹಿಂದಿನ ಟೈರ್ ಫೆಂಡರ್‌ಗೆ ಉಜ್ಜುತ್ತಿದೆ, ಮನೆಯಲ್ಲೇ ಅಂಚು ಮಡಚಬಹುದಾ?

ಪ್ರಶ್ನೆ: ಸರ್, 195ರ ಟೈರ್ ತೆಗೆದು 215 ಹಾಕಿಸಿದೆ. ರಿಮ್ ಕೂಡ ಹೊಸದು, ಅಗಲ ಮೊದಲಿನಷ್ಟೇ, ಆದರೆ ಇಟಿ (ಚಕ್ರ ಎಷ್ಟು ಒಳಗೆ ಕೂರುತ್ತದೆ ಅನ್ನೋ ಆಫ್‌ಸೆಟ್ ಅಳತೆ, ಮಿ.ಮೀ.ನಲ್ಲಿ) 45 ಇದ್ದದ್ದು ಈಗ 35. ಒಬ್ಬನೇ ಓಡಿಸುವಾಗ ಏನೂ ಇಲ್ಲ, ಹಿಂದೆ ಮೂರು ಜನ ಕೂತು ಹಂಪ್ ಬಂತು ಅಂದ್ರೆ ಕರ್ ಅಂತ ಸದ್ದು. ಟೈರಿಗೂ ಫೆಂಡರಿಗೂ ಮಧ್ಯೆ ಬೇಸ್‌ಬಾಲ್ ಬ್ಯಾಟ್ ತೂರಿಸಿ ಕಾರನ್ನು ಹಿಂದೆ ಮುಂದೆ ತಳ್ಳಿ ಫೆಂಡರಿನ ಒಳಕ್ಕೆ ಚಾಚಿದ ಅಂಚು ಮಡಚುವ ವಿಡಿಯೋ ನೋಡಿದೆ. ಮಾಡಲಾ?

ಉತ್ತರ: ಬ್ಯಾಟ್ ಪಕ್ಕಕ್ಕಿಡಿ, ಮೊದಲು ಲೆಕ್ಕ ನೋಡಿ. ಟೈರ್ 20 ಮಿ.ಮೀ. ಅಗಲವಾಯಿತು, ಅದರಲ್ಲಿ ಹೊರಗಡೆಗೆ ಬಂದದ್ದು ಸುಮಾರು 10. ಇಟಿ 10 ಇಳಿದದ್ದರಿಂದ ಇಡೀ ಚಕ್ರವೇ ಇನ್ನೊಂದು 10 ಆಚೆ ಬಂತು. ಒಟ್ಟು 20. ಅಂಚು ಮಡಚಿದರೆ ಸಿಗುವುದು ಆ ಅಂಚಿನ ಅಗಲದಷ್ಟು ಜಾಗ ಮಾತ್ರ, ಅದು ಎಷ್ಟಿದೆ ಅಂತ ಸ್ಕೇಲ್ ಇಟ್ಟು ಅಳೆಯಿರಿ. ಆಮೇಲೆ ಅಂಚಿನ ಉದ್ದಕ್ಕೂ ಮಾಸ್ಕಿಂಗ್ ಟೇಪ್ ಅಂಟಿಸಿ, ಜನರನ್ನು ಕೂರಿಸಿ ಒಂದು ಸುತ್ತು ಹೋಗಿ ಬನ್ನಿ. ಟೇಪ್ ಹರಿದ ಜಾಗವೇ ಉಜ್ಜುವ ಜಾಗ. ಟೇಪ್ ಹರಿಯದೆ ಒಳಗಿನ ಪ್ಲಾಸ್ಟಿಕ್ ಲೈನರ್ ಸವೆದಿದ್ದರೆ ಅಂಚು ಮಡಚಿ ಉಪಯೋಗವಿಲ್ಲ.

ಪ್ರಶ್ನೆ: ಟೇಪ್ ಹರಿದಿದೆ ಸರ್, ಎರಡೂ ಕಡೆ, ಮೇಲ್ಭಾಗದಲ್ಲಿ. ಬ್ಯಾಟ್ ಯಾಕೆ ಬೇಡ?

ಉತ್ತರ: ಬ್ಯಾಟ್ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ. ಎಲ್ಲಿ ಎಷ್ಟು ಒತ್ತುತ್ತದೆ ಅನ್ನೋದು ನಿಮ್ಮ ಕೈಯಲ್ಲಿರುವುದಿಲ್ಲ, ಹೊರಗಿನ ತಗಡು ಅಲೆ ಅಲೆಯಾಗಿ ಉಬ್ಬಿದ ಮೇಲೇ ಗೊತ್ತಾಗೋದು. ಹಬ್‌ಗೆ (ಚಕ್ರ ಕೂರುವ ಜಾಗ) ಬೋಲ್ಟ್ ಹಾಕಿ ಕೂರಿಸಿ, ಅಂಚಿನ ಮೇಲೆ ಉರುಳಿಸಿ ಮಡಚುವ ಫೆಂಡರ್ ರೋಲರ್ ಎಲ್ಲಾದರೂ ಬಾಡಿಗೆಗೆ ಸಿಕ್ಕರೆ ತನ್ನಿ. ಚಕ್ರ ಬಿಚ್ಚಿದ ಮೇಲೆ ಕಾರು ಸ್ಟ್ಯಾಂಡ್ ಮೇಲೆ ನಿಲ್ಲಬೇಕು, ಬರೀ ಜಾಕಿ ನಂಬಿ ಕೈ ಒಳಗೆ ಹಾಕಬೇಡಿ.

ಪೇಂಟ್ ಬಿರುಕು ಬಿಡೋದು ತಣ್ಣಗಿದ್ದಾಗ ಬಗ್ಗಿಸುವುದರಿಂದ. ಹೀಟ್ ಗನ್‌ನಲ್ಲಿ 50–60 ಡಿಗ್ರಿ ಮಾಡಿ, ಬೆರಳಿಟ್ಟರೆ ಹೆಚ್ಚು ಹೊತ್ತು ಇಡಲಾಗದಷ್ಟು. ಗನ್ ಒಂದೇ ಕಡೆ ನಿಲ್ಲಿಸಿದರೆ ಪೇಂಟ್ ಗುಳ್ಳೆ ಏಳುತ್ತದೆ, ಆಡಿಸುತ್ತಲೇ ಇರಿ. ರೋಲರ್ ಒಂದು ಸಲ ಹೋಗಿ ಬಂದರೆ ಅಂಚು ಕೊಂಚವೇ ಬಾಗಬೇಕು. ಮತ್ತೆ ಬಿಸಿ, ಮತ್ತೆ ರೋಲ್. ಒಂದು ಚಕ್ರಕ್ಕೆ ಒಂದು ಗಂಟೆ ಹಿಡಿದರೂ ಹಿಡಿಯಲಿ, ಅವಸರ ಮಾಡಿದವರ ಕಾರೇ ನಮ್ಮ ಟಿಂಕರಿಂಗ್‌ಗೆ ಬರೋದು. ಪೂರ್ತಿ ಮಡಚಲೇಬೇಕು ಅಂತಲೂ ಇಲ್ಲ, ಉಜ್ಜುವುದು ನಿಂತರೆ ಸಾಕು.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಹಿಂದಿನ ಅಂಚಿನಲ್ಲಿ ಸಾಮಾನ್ಯವಾಗಿ ಹೊರಗಿನ ತಗಡು, ಒಳಗಿನ ತಗಡು ಎರಡನ್ನೂ ಸೇರಿಸಿ ವೆಲ್ಡ್ ಮಾಡಿರುತ್ತಾರೆ, ಸಂದಿಗೆ ಸೀಲೆಂಟ್ ತುಂಬಿರುತ್ತಾರೆ. ಮಡಚಿದಾಗ ಆ ಸೀಲೆಂಟ್ ಸೀಳುತ್ತದೆ, ನೀರು ಸೇರಿ ಒಳಗಿಂದ ತುಕ್ಕು ಶುರು. ಅದಕ್ಕೆ ಕೆಲಸ ಮುಗಿದ ದಿನವೇ ಬಿರುಕಿಗೆ ಪ್ರೈಮರ್, ಟಚ್‌ಅಪ್, ಮೇಲೆ ಹೊಸ ಸೀಲೆಂಟ್.

ಮತ್ತೊಬ್ಬರು: ಅಣ್ಣ, ಹಳೇ ಕಾರಾದರೆ ಪುಟ್ಟಿ (ಡೆಂಟ್ ತುಂಬಿ ಮೇಲೆ ಪೇಂಟ್ ಮಾಡುವ ಪೇಸ್ಟ್) ಇದೆಯಾ ನೋಡಿ. ನಾನು ನೋಡದೆ ರೋಲ್ ಮಾಡಿದೆ, ಹಪ್ಪಳದ ಹಾಗೆ ಎದ್ದು ಬಂತು.

ಉತ್ತರ: ಹೌದು, ನಾನೇ ಮೊದಲು ಹೇಳಬೇಕಿತ್ತು. ತೆಳು ಬಟ್ಟೆ ಸುತ್ತಿದ ಮ್ಯಾಗ್ನೆಟ್ ಹಿಡಿದು ನೋಡಿ. ಗಟ್ಟಿಯಾಗಿ ಕಚ್ಚಿದರೆ ಉಕ್ಕಿನ ತಗಡು. ಒಂದು ಕಡೆ ಮಾತ್ರ ಸಡಿಲವಾದರೆ ಪುಟ್ಟಿ ಇರಬಹುದು. ಎಲ್ಲೂ ಕಚ್ಚದಿದ್ದರೆ ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್, ಅದನ್ನು ಮನೆಯಲ್ಲಿ ಮುಟ್ಟಲೇಬೇಡಿ.

ಪ್ರಶ್ನೆ: ಈಗಷ್ಟೇ ನೋಡಿದೆ ಸರ್. ಎಡಗಡೆ ಕಚ್ಚಿತು, ಬಲಗಡೆ ಜಾರಿ ಬಿತ್ತು. ಸೆಕೆಂಡ್ ಹ್ಯಾಂಡ್ ತೊಗೊಳ್ಳುವಾಗ ಎಲ್ಲೂ ತಗುಲಿಲ್ಲ ಅಂದಿದ್ದರು!

ಉತ್ತರ: ಹಾಗಾದರೆ ರೋಲರ್ ಬೇಡ. ಹಳೇ ರಿಮ್ ಇನ್ನೂ ಇದ್ದರೆ ಈ ಟೈರನ್ನೇ ಅದಕ್ಕೆ ಏರಿಸಿ, 10 ಮಿ.ಮೀ. ಅಲ್ಲೇ ವಾಪಸ್ ಸಿಗುತ್ತದೆ. ಏರಿಸಿದ ಮೇಲೆ ಟೈರ್ ಒಳಗಡೆ ಡ್ಯಾಂಪರ್‌ಗೆ (ಶಾಕ್ ಅಬ್ಸಾರ್ಬರ್) ತಗುಲುತ್ತದಾ ಅಂತ ಮಾತ್ರ ಕೈ ಹಾಕಿ ನೋಡಿಕೊಳ್ಳಿ.